ಹುಲ್ಲು ಹೋದ ವರ್ಷದ್ದು, ಗಾಳಿ ಇವತ್ತಿಂದು: ಗ್ರೇಟ್ ಪ್ಲೇನ್ಸ್‌ನ ಸ್ಪ್ರಿಂಗ್ ಮತ್ತು ಬೆಂಕಿ

(ಡೆನ್ವರ್ ಸುತ್ತಮುತ್ತಲಿನ ಕನ್ನಡದವರು ಒಂದು ಶನಿವಾರ ಸೇರಿದ್ದಾಗ ಮಾತಾಡಿದ್ದು ಇದು. ಟೆಕ್ಸಸ್, ಕನ್ಸಾಸ್ ಕಡೆಯವರು ಕೆಲವರು ಆನ್‌ಲೈನ್‌ನಲ್ಲಿ ಕೇಳ್ತಿದ್ರು. ಬರೆದು ಹಾಕಿ ಅಂತ ಕೇಳಿದ್ರಿಂದ ಮಾತಾಡಿದ ಧಾಟಿಯಲ್ಲೇ ಬರೆದಿದ್ದೀನಿ, ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ.

ಒಂದು ಅಂಕಿಯಿಂದಲೇ ಶುರು ಮಾಡ್ತೀನಿ. 10,58,482 ಎಕರೆ. 2024ರ ಫೆಬ್ರವರಿ 26ಕ್ಕೆ ಟೆಕ್ಸಸ್ ಪ್ಯಾನ್‌ಹ್ಯಾಂಡಲ್‌ನಲ್ಲಿ, ಅಂದ್ರೆ ಆ ರಾಜ್ಯದ ಉತ್ತರ ತುದಿಯಲ್ಲಿ, ಸ್ಟಿನೆಟ್ ಅನ್ನೋ ಸಣ್ಣ ಊರಿನ ಹತ್ರ ಹೊತ್ಕೊಂಡ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಸುಟ್ಟಿದ್ದು ಅಷ್ಟು ಜಾಗ. ಚದರ ಕಿಲೋಮೀಟರ್ ಲೆಕ್ಕದಲ್ಲಿ ಸುಮಾರು 4,283. ನಮ್ಮ ಕೊಡಗು ಜಿಲ್ಲೆ ಇದೆಯಲ್ಲ, ಮಡಿಕೇರಿ ಸೋಮವಾರಪೇಟೆ ವಿರಾಜಪೇಟೆ ಎಲ್ಲಾ ಸೇರಿಸಿದ್ರೂ ಅದರ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಒಂದೇ ಬೆಂಕಿಗೆ ಒಂದು ಕೊಡಗಿಗಿಂತ ಜಾಸ್ತಿ ಜಾಗ ಹೋಯ್ತು, ಅದೂ ಬಹುಪಾಲು ಮೊದಲ ಎರಡು ಮೂರು ದಿನದಲ್ಲೇ. ಇಬ್ಬರು ಸತ್ತರು, ಸಾವಿರಾರು ದನ ಸತ್ತವು, ನೂರಾರು ಮೈಲಿ ಬೇಲಿ ಹೋಯ್ತು. ಟೆಕ್ಸಸ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಬೆಂಕಿ ದಾಖಲಾಗಿಲ್ಲ.

ಅಲ್ಲಿ ಕಾಡು ಇರಲಿಲ್ಲ ಅನ್ನೋದನ್ನ ಮೊದಲು ಮನಸ್ಸಿಗೆ ತಗೋಬೇಕು. ಅಮೆರಿಕದ ಬೆಂಕಿ ಅಂದ್ರೆ ನಮಗೆ ಕಣ್ಮುಂದೆ ಬರೋದು ಕ್ಯಾಲಿಫೋರ್ನಿಯಾ, ಬೆಟ್ಟ, ಪೈನ್ ಮರ, ಆಗಸ್ಟ್ ತಿಂಗಳು. ಪ್ಲೇನ್ಸ್, ಅಂದ್ರೆ ರಾಕೀಸ್ ಬೆಟ್ಟಸಾಲಿನ ಪೂರ್ವಕ್ಕೆ ಹಬ್ಬಿರೋ ಹುಲ್ಲು ಬಯಲು, ಅಲ್ಲಿನ ಬೆಂಕಿ ಅದಲ್ಲ. ಇದು ಮೊಣಕಾಲುದ್ದದ ಒಣ ಹುಲ್ಲಿನ ಬೆಂಕಿ, ಚಳಿ ಇನ್ನೂ ಪೂರ್ತಿ ಬಿಡದೆ ಇರೋ ಫೆಬ್ರವರಿ ಮಾರ್ಚ್ ಏಪ್ರಿಲ್‌ನಲ್ಲಿ ಬರುತ್ತೆ, ಮತ್ತು ಬಂದ್ರೆ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತೆ. 2006ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಅಮರಿಲೋ ಪೂರ್ವಕ್ಕೆ ಎದ್ದ ಬೆಂಕಿಗಳಲ್ಲಿ 9 ಲಕ್ಷ ಎಕರೆ ಹೋಯ್ತು, 12 ಜನ ಸತ್ತರು. 2016ರ ಮಾರ್ಚ್‌ನಲ್ಲಿ ಆಂಡರ್ಸನ್ ಕ್ರೀಕ್ ಬೆಂಕಿ ಒಕ್ಲಹೋಮಾದಲ್ಲಿ ಶುರುವಾಗಿ ಕನ್ಸಾಸ್‌ಗೆ ದಾಟಿ ಹತ್ತಿರ ಹತ್ತಿರ 4 ಲಕ್ಷ ಎಕರೆ ಸುಡ್ತು. ಮುಂದಿನ ವರ್ಷ 2017ರ ಮಾರ್ಚ್ 6, ಸ್ಟಾರ್‌ಬಕ್ ಬೆಂಕಿ, ಕನ್ಸಾಸ್‌ನ ಕ್ಲಾರ್ಕ್ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಬಹುಭಾಗ ಕರಕಲು. ಅದೇ ದಿನ ಟೆಕ್ಸಸ್‌ನಲ್ಲಿ ಬೇರೆ ಬೆಂಕಿಯೊಂದರಲ್ಲಿ ದನ ಉಳಿಸೋಕೆ ಅಂತ ಹೋದ ಮೂರು ಜನ ಎಳೆ ವಯಸ್ಸಿನವರು ಸತ್ತರು. 2025ರ ಮಾರ್ಚ್ 14ಕ್ಕೆ ಒಕ್ಲಹೋಮಾದಲ್ಲಿ ಒಂದೇ ದಿನ ನೂರಕ್ಕೂ ಹೆಚ್ಚು ಕಡೆ ಬೆಂಕಿ, ಸ್ಟಿಲ್‌ವಾಟರ್‌ನಂಥ ಕಾಲೇಜು ಊರಲ್ಲಿ ಸಾಲುಸಾಲು ಮನೆ ಹೋದ್ವು. ತಾರೀಕುಗಳನ್ನ ನೋಡಿ, ಎಲ್ಲಾ ಮಾರ್ಚ್ ಆಸುಪಾಸು.

ಯಾಕೆ ಈ ತಿಂಗಳುಗಳೇ? ಇಲ್ಲಿನ ಹುಲ್ಲು ಅಕ್ಟೋಬರ್‌ಗೆ ಮೊದಲ ಫ್ರಾಸ್ಟ್ ಬಿದ್ದ ಮೇಲೆ ಸಾಯುತ್ತೆ, ಅಂದ್ರೆ ಬೇರು ಜೀವಂತ, ಮೇಲಿನ ಭಾಗ ಪೂರ್ತಿ ಒಣಗಿ ನಿಂತಿರುತ್ತೆ. ಬ್ಲೂ ಗ್ರಾಮಾ, ಬಫೆಲೋ ಗ್ರಾಸ್, ಬ್ಲೂಸ್ಟೆಮ್ ಇವೆಲ್ಲ ಬಿಸಿ ಕಾಲದ ಹುಲ್ಲು, ಏಪ್ರಿಲ್ ಕೊನೆ ಮೇ ಬರೋವರೆಗೂ ಹಸಿರಾಗಲ್ಲ. ಹಸಿರು ಹುಲ್ಲು ಸುಲಭಕ್ಕೆ ಹೊತ್ತಲ್ಲ. ಹಾಗಾಗಿ ಚಳಿಗಾಲದ ಹಿಮ ಕರಗಿದ ಮೇಲೆ, ಹೊಸ ಹಸಿರು ಬರೋಕೆ ಮುಂಚೆ ಒಂದು ಕಿಟಕಿ ತೆರೆದುಕೊಳ್ಳುತ್ತೆ. ವರ್ಷದಲ್ಲಿ ಜೋರು ಗಾಳಿ ಬೀಸೋದೂ ಸರಿಯಾಗಿ ಆ ಕಿಟಕಿಯಲ್ಲೇ. ಉತ್ತರದಲ್ಲಿ ಇನ್ನೂ ಕೊರೆಯೋ ಚಳಿ, ದಕ್ಷಿಣದಲ್ಲಿ ಗಲ್ಫ್, ಅಂದ್ರೆ ಮೆಕ್ಸಿಕೋ ಕೊಲ್ಲಿ ಕಡೆಯಿಂದ ಬಿಸಿ, ಎರಡರ ನಡುವೆ ಜೆಟ್ ಸ್ಟ್ರೀಮ್ ಅನ್ನೋ ಮೇಲಿನ ಎತ್ತರದ ಗಾಳಿ ಬಲವಾಗಿರುತ್ತೆ, ರಾಕೀಸ್‌ನ ಪೂರ್ವಕ್ಕೆ ಒಂದರ ಹಿಂದೆ ಒಂದು ವಾಯುಭಾರ ಕುಸಿತ ಹುಟ್ತಾ ಹೋಗುತ್ತೆ. ಇಲ್ಲಿ ವಾಸ ಇರೋ ನಿಮಗೆ ಮಾರ್ಚ್ ಗಾಳಿ ಏನು ಅಂತ ಹೇಳಿಕೊಡಬೇಕಾಗಿಲ್ಲ, ಕಸದ ಡಬ್ಬಿ ಪಕ್ಕದ ಬೀದಿಗೆ ಹೋಗಿರುತ್ತೆ.

ಈಗ ನಾನು ಇವತ್ತು ಹೇಳ್ಬೇಕು ಅಂತ ಬಂದಿರೋ ಮುಖ್ಯ ವಿಷಯ. ಸ್ಪ್ರಿಂಗ್ ಬಂತು ಅಂದ್ರೆ ಎಲ್ರೂ ಕೇಳೋದು, ಈ ವರ್ಷ ಬರ ಇದೆಯಾ, ಮಳೆ ಚೆನ್ನಾಗಿ ಆಗಿದೆಯಾ, ಆಗಿದ್ರೆ ಬೆಂಕಿ ಭಯ ಇಲ್ಲ ಅಲ್ವಾ ಅಂತ. ಕಾಡಿಗೆ ಈ ಲೆಕ್ಕ ಸುಮಾರಾಗಿ ಸರಿ. ಹುಲ್ಲಿಗೆ ಇದು ಉಲ್ಟಾ. ಹುಲ್ಲುಗಾವಲಿನಲ್ಲಿ ಸೌದೆ ಬೆಳೆಯೋದೇ ಮಳೆಯಿಂದ. ಹೋದ ವರ್ಷ ಮಳೆ ಚೆನ್ನಾಗಿ ಆಗಿದ್ರೆ ಈ ಮಾರ್ಚ್‌ನಲ್ಲಿ ಎಕರೆಗೆ ಎರಡು ಮೂರು ಪಟ್ಟು ಒಣಹುಲ್ಲು ನಿಂತಿರುತ್ತೆ, ಅಷ್ಟೇ. ಟೆಕ್ಸಸ್‌ನಲ್ಲೂ ಒಕ್ಲಹೋಮಾದಲ್ಲೂ 2015ರ ಮೇ ದಾಖಲೆ ಇರೋದ್ರಲ್ಲೇ ಅತಿ ಹೆಚ್ಚು ಮಳೆ ಬಂದ ತಿಂಗಳು. ಅದಕ್ಕೂ ಹಿಂದೆ ನಾಲ್ಕು ವರ್ಷ ಬರ ಇತ್ತು, ರೈತರು ದನ ಮಾರಿಕೊಂಡಿದ್ರು, ಹುಲ್ಲು ಎದೆಯೆತ್ತರ ಬಂದಾಗ ಮೇಯೋಕೆ ಸಾಕಷ್ಟು ದನ ಇರಲಿಲ್ಲ. ಹತ್ತು ತಿಂಗಳು ಕಳೆದು ಆಂಡರ್ಸನ್ ಕ್ರೀಕ್. ಇನ್ನೊಂದು ಸಲ, 2023ರ ಮೇ ಜೂನ್‌ನಲ್ಲಿ ಅಮರಿಲೋ ಸುತ್ತ ರಸ್ತೆಗಳೇ ಮುಳುಗೋ ಅಷ್ಟು ಮಳೆ ಆಯ್ತು, ಮುಂದಿನ ಫೆಬ್ರವರಿಗೆ ಸ್ಮೋಕ್‌ಹೌಸ್ ಕ್ರೀಕ್. ಆ ಚಳಿಗಾಲ ಎಲ್ ನಿನೊ ಬೇರೆ, ಅಂದ್ರೆ ಪೆಸಿಫಿಕ್ ಸಾಗರದ ನಡುಭಾಗದ ನೀರು ಮಾಮೂಲಿಗಿಂತ ಬಿಸಿ ಇರೋ ಕಾಲ. ಎಲ್ ನಿನೊ ಅಂದ್ರೆ ದಕ್ಷಿಣದ ಪ್ಲೇನ್ಸ್‌ಗೆ ಸಾಮಾನ್ಯವಾಗಿ ಮಳೆ ಹಿಮ ಜಾಸ್ತಿ, ಬೆಂಕಿ ಕಡಿಮೆ ಅಂತ ಲೆಕ್ಕ. ಆ ಲೆಕ್ಕ ಸರಾಸರಿಗೆ ಸರಿಯಾಗೇ ಇದೆ, ಆದ್ರೆ ರಾಜ್ಯದ ಅತಿ ದೊಡ್ಡ ಬೆಂಕಿ ಬಂದಿದ್ದು ಮಾತ್ರ ಅಂಥ ವರ್ಷದಲ್ಲಿ.

ಹಾಗಾದ್ರೆ ಬರ ಒಳ್ಳೇದಾ ಅಂತ ಕೇಳ್ಬೇಡಿ. ಮಳೆ ಬಂದ ವರ್ಷದ ಬೆನ್ನಿಗೇ ಎಲ್ ನಿನೊದ ಉಲ್ಟಾ ಆದ ಲಾ ನಿನಾ ಬಂದು ಚಳಿಗಾಲ ಒಣಗಿಬಿಟ್ರೆ ಅದು ಎಲ್ಲಕ್ಕಿಂತ ಕೆಟ್ಟದ್ದು. 2010ರ ಬೇಸಿಗೆಯಲ್ಲಿ ಟೆಕ್ಸಸ್‌ನಲ್ಲಿ ಮಳೆ ಚೆನ್ನಾಗಾಯ್ತು, ಆಮೇಲೆ ಜೋರು ಲಾ ನಿನಾ, 2011ರ ಕೊನೆಗೆ ಆ ರಾಜ್ಯದಲ್ಲಿ ಸುಮಾರು 40 ಲಕ್ಷ ಎಕರೆ ಸುಟ್ಟಿತ್ತು. ಅಂದ್ರೆ ನಾವು ಎರಡು ಪ್ರಶ್ನೆ ಕೇಳ್ಬೇಕು. ಹೋದ ಮೇ ಇಂದ ಸೆಪ್ಟೆಂಬರ್‌ವರೆಗೆ ಹುಲ್ಲು ಎಷ್ಟು ಬೆಳೀತು? ಕ್ರಿಸ್ಮಸ್ ಆದ್ಮೇಲೆ ಎಷ್ಟು ಒಣಗ್ತು? ಎರಡಕ್ಕೂ ಉತ್ತರ ಜಾಸ್ತಿ ಅಂತ ಬಂದ್ರೆ ಆ ಸ್ಪ್ರಿಂಗ್ ಹುಷಾರಾಗಿರಬೇಕು, ಟಿವಿಯಲ್ಲಿ ಬರದ ಮ್ಯಾಪ್ ಬಿಳಿಯಾಗಿದ್ರೂ ಸರಿ.

ಮೊನ್ನೆ ತಾನೇ ಮಳೆ ಬಂತಲ್ಲ ಅನ್ನೋ ಮಾತೂ ಕೇಳಿಸುತ್ತೆ. ಬೆಂಕಿ ಶಾಸ್ತ್ರದವರು ಉರಿಯೋ ವಸ್ತುವನ್ನ ಅದರ ದಪ್ಪ ನೋಡಿ ಗುಂಪು ಮಾಡ್ತಾರೆ. ಕಾಲು ಇಂಚಿಗಿಂತ ತೆಳ್ಳಗಿರೋದಕ್ಕೆ ಒಂದು ಗಂಟೆಯ ಇಂಧನ ಅಂತಾರೆ, ಒಂದಿಂಚಿನ ಒಳಗಿನ ಕಡ್ಡಿಗೆ ಹತ್ತು ಗಂಟೆ, ದಪ್ಪ ದಿಮ್ಮಿಗೆ ಸಾವಿರ ಗಂಟೆ. ಸುತ್ತಲ ಗಾಳಿ ಒಣಗಿದ್ರೆ ಆ ವಸ್ತು ಎಷ್ಟು ಹೊತ್ತಿಗೆ ತಾನೂ ಒಣಗುತ್ತೆ ಅನ್ನೋದರ ಅಂದಾಜು ಅದು. ಹುಲ್ಲು ಒಂದು ಗಂಟೆಯದ್ದು. ಡಬ್ಬಿ ಮುಚ್ಚಳ ತೆಗೆದಿಟ್ಟ ಹಪ್ಪಳ ಮಳೆಗಾಲದಲ್ಲಿ ಹೇಗೆ ನೋಡ್ತಾ ನೋಡ್ತಾ ಮೆತ್ತಗಾಗುತ್ತೋ, ಬಿಸಿಲಿಗಿಟ್ರೆ ಅಷ್ಟೇ ಬೇಗ ಗರಿಗರಿ ಆಗುತ್ತೋ, ಹುಲ್ಲೂ ಹಾಗೇ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದಿದ್ದ ಹುಲ್ಲು ಮಧ್ಯಾಹ್ನ ಎರಡಕ್ಕೆ ಹೊತ್ಕೊಂಡು ಉರಿಯಬಹುದು. ಹೋದ ವಾರದ ಹಿಮ ಅದಕ್ಕೆ ನೆನಪೇ ಇರಲ್ಲ.

ಆ ಒಣ ಗಾಳಿ ಎಲ್ಲಿಂದ ಬರುತ್ತೆ? ಬಹುಪಾಲು ಪಶ್ಚಿಮದಿಂದ, ರಾಕೀಸ್ ಹತ್ತಿ ಇಳಿದು. ಗಾಳಿ ಕೆಳಗಿಳಿಯುವಾಗ ಒತ್ತಡ ಜಾಸ್ತಿಯಾಗಿ ಪ್ರತಿ ಕಿಲೋಮೀಟರ್‌ಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತೆ. 3 ಕಿಲೋಮೀಟರ್ ಎತ್ತರದಿಂದ ಡೆನ್ವರ್ ಎತ್ತರಕ್ಕೆ ಇಳಿದ್ರೆ ಹದಿನಾಲ್ಕು ಡಿಗ್ರಿ ಏರಿಬಿಡ್ತು, ಒಳಗಿರೋ ನೀರಾವಿ ಮಾತ್ರ ಅಷ್ಟೇ. ತೇವಾಂಶ 10 ಪರ್ಸೆಂಟ್, ಕೆಲವು ಸಲ ಅದಕ್ಕೂ ಕೆಳಗೆ. ಬೆಂಗಳೂರಿನಲ್ಲಿ ಬೆಳೆದ ನಮಗೆ ಮಾರ್ಚ್‌ನಲ್ಲಿ ತುಟಿ ಒಡೆದು ರಕ್ತ ಬರೋದು ಹೊಸದು, ಅದರ ಕಾರಣ ಇದೇ. ಪೂರ್ವದ ಕಡೆ ಗಲ್ಫ್ ತೇವಾಂಶ ಇರುತ್ತೆ, ಎರಡೂ ಸೇರೋ ಗೆರೆಗೆ ಡ್ರೈಲೈನ್ ಅಂತಾರೆ. ಆ ಗೆರೆಯ ಪೂರ್ವಕ್ಕೆ ಟಾರ್ನೇಡೋ ಆದ ದಿನವೇ ಪಶ್ಚಿಮಕ್ಕೆ ಬೆಂಕಿ ಆಗಿರೋದು ಎಷ್ಟೋ ಸಲ ಇದೆ. ನಮ್ಮವರಿಗೆ ಟಾರ್ನೇಡೋ ಗೊತ್ತು, ಸೈರನ್ ಗೊತ್ತು, ಬೇಸ್‌ಮೆಂಟ್ ಗೊತ್ತು. ಅದೇ ಬಿರುಗಾಳಿ ವ್ಯವಸ್ಥೆಯ ಇನ್ನೊಂದು ಮಗ್ಗುಲು ಬೆಂಕಿ ಅನ್ನೋದು ಗೊತ್ತಿಲ್ಲ, ಅದಕ್ಕೇ ನನಗೆ ಇಷ್ಟೊಂದು ಕಾಳಜಿ.

ಇನ್ನು ಕೊಲ್ಲೋ ವಿಷಯ ಅಂದ್ರೆ ಗಾಳಿ ತಿರುಗೋದು. ಇದನ್ನ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಪ್ಲೇನ್ಸ್ ಬೆಂಕಿ ಅರ್ಧ ಅರ್ಥ ಆದಂಗೆ. ಮಧ್ಯಾಹ್ನ ನೈಋತ್ಯ ಇಲ್ಲವೇ ಪಶ್ಚಿಮದ ಗಾಳಿ ಗಂಟೆಗೆ 60 ಮೈಲಿ ಬೀಸ್ತಿರುತ್ತೆ ಅಂತಿಟ್ಕೊಳ್ಳಿ, ಬೆಂಕಿ ಪೂರ್ವಕ್ಕೆ ಓಡುತ್ತೆ, ಉದ್ದಕ್ಕೆ, ಸಪೂರಕ್ಕೆ. ಮುಂದಿನ ತುದಿ ಚಿಕ್ಕದು, ಎರಡು ಬದಿಗಳು ಮೈಲಿಗಟ್ಟಲೆ ಉದ್ದ ಆದ್ರೆ ಬದಿಯಲ್ಲಿ ಉರಿ ಮೆತ್ತಗಿರುತ್ತೆ. ಆಮೇಲೆ ಕೋಲ್ಡ್ ಫ್ರಂಟ್, ಅಂದ್ರೆ ನುಗ್ಗಿ ಬರೋ ತಣ್ಣನೆ ಗಾಳಿಯ ಅಂಚು, ಬರುತ್ತೆ, ಗಾಳಿ ಕೆಲವೇ ನಿಮಿಷದಲ್ಲಿ ಉತ್ತರಕ್ಕೆ ತಿರುಗುತ್ತೆ, ಅಷ್ಟೂ ಉದ್ದದ ದಕ್ಷಿಣ ಬದಿ ಒಮ್ಮೆಗೇ ಮುಂದಿನ ತುದಿ ಆಗಿಬಿಡುತ್ತೆ. ಎರಡು ಮೈಲಿ ಅಗಲದ ಬೆಂಕಿ ಮೂವತ್ತು ನಲವತ್ತು ಮೈಲಿ ಅಗಲದ ಬೆಂಕಿ ಆಗುತ್ತೆ. ಬದಿಯಲ್ಲಿ ನಿಂತು ಆರಿಸ್ತಿದ್ದವರು ಈಗ ಎದುರಿಗೆ ನಿಂತಿದ್ದಾರೆ. ಸ್ಮೋಕ್‌ಹೌಸ್ ಕ್ರೀಕ್‌ನಲ್ಲಿ ಫೆಬ್ರವರಿ 27ಕ್ಕೆ ಆಗಿದ್ದು ಇದೇ, 28ರ ಹೊತ್ತಿಗೆ ಎಂಟು ಲಕ್ಷ ಎಕರೆ ದಾಟಿತ್ತು. 26ಕ್ಕೆ ಅಮರಿಲೋದಲ್ಲಿ 82 ಫ್ಯಾರನ್‌ಹೀಟ್ ಬಿಸಿಲು, 29ಕ್ಕೆ ಅದೇ ಸುಟ್ಟ ನೆಲದ ಮೇಲೆ ಹಿಮ ಬಿತ್ತು. ಪ್ಲೇನ್ಸ್ ಅಂದ್ರೆ ಇಷ್ಟು.

ಬೆಂಕಿ ಹತ್ತಿಸೋದು ಯಾರು? ಈ ಕಾಲದಲ್ಲಿ ಸಿಡಿಲು ತುಂಬಾ ಕಡಿಮೆ. ಹೆಚ್ಚಿನದೆಲ್ಲ ನಾವೇ, ಅಂದ್ರೆ ಮನುಷ್ಯರು ಮತ್ತು ಮನುಷ್ಯರು ಕಟ್ಟಿದ್ದು. ಟ್ರೇಲರ್‌ನಿಂದ ನೇತಾಡೋ ಸರಪಳಿ ರಸ್ತೆಗೆ ತಾಗಿ ಸಿಡಿಯೋ ಕಿಡಿ, ವೆಲ್ಡಿಂಗು, ಮೂರು ದಿನದ ಹಿಂದೆ ಸುಟ್ಟ ಕಸದ ಗುಡ್ಡೆಯಲ್ಲಿ ಉಳಿದ ಕೆಂಡ, ಮತ್ತು ಕರೆಂಟ್ ತಂತಿ. ಸ್ಮೋಕ್‌ಹೌಸ್ ಕ್ರೀಕ್ ಶುರುವಾಗಿದ್ದು ಒಂದು ಕೊಳೆತ ಕಂಬ ಮುರಿದು ತಂತಿ ಹುಲ್ಲಿಗೆ ಬಿದ್ದು ಅಂತ ಟೆಕ್ಸಸ್ ಶಾಸನಸಭೆಯ ತನಿಖಾ ಸಮಿತಿ ಹೇಳಿದೆ. ಒಂದು ಕಂಬ. ಅದನ್ನ ಬದಲಾಯಿಸೋ ಖರ್ಚು ಎಷ್ಟು, ಹೋದ ದನ ಬೇಲಿ ಮನೆಗಳ ಬೆಲೆ ಎಷ್ಟು ಅಂತ ಯೋಚನೆ ಮಾಡಿದ್ರೆ ನನಗೆ ಈಗಲೂ ಸಂಕಟ ಆಗುತ್ತೆ.

ಸರಿ, ಮುನ್ನೋಟದ ವಿಷಯಕ್ಕೆ ಬರೋಣ, ಪೋಸ್ಟರ್‌ನಲ್ಲಿ ಅದನ್ನೇ ಬರೆದಿದ್ದು. ಸರ್ಕಾರದ ಕಡೆಯಿಂದ ನಿಮಗೆ ಫ್ರೀಯಾಗಿ ಸಿಗೋ ಮಾಹಿತಿ ಹಲವು ದೂರದ್ದಿದೆ. ತುಂಬಾ ದೂರಕ್ಕೆ ನೋಡೋದು ಮೇರಿಲ್ಯಾಂಡ್‌ನಲ್ಲಿರೋ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್. ಪ್ರತಿ ತಿಂಗಳು ಮೂರನೇ ಗುರುವಾರ ಮುಂದಿನ ಮೂರ್ಮೂರು ತಿಂಗಳಿಗೆ ಮ್ಯಾಪ್ ಬಿಡ್ತಾರೆ. ಅದರಲ್ಲಿ ಕಂದು ಬಣ್ಣ 40 ಪರ್ಸೆಂಟ್ ಅಂತಿದ್ರೆ ಮಳೆ 40 ಪರ್ಸೆಂಟ್ ಕಡಿಮೆ ಬರುತ್ತೆ ಅಂತ ಓದ್ತಾರೆ ಜನ, ಹಾಗಲ್ಲ. ಹಳೆಯ 30 ವರ್ಷದ ಲೆಕ್ಕವನ್ನ ಒಣ, ಸಾಧಾರಣ, ಒದ್ದೆ ಅಂತ ಮೂರು ಸಮ ಪಾಲು ಮಾಡಿದ್ದಾರೆ, ಏನೂ ಗೊತ್ತಿಲ್ಲದಿದ್ರೆ ಒಂದೊಂದಕ್ಕೂ 33 ಚಾನ್ಸು, ಈಗ ಒಣ ಪಾಲಿಗೆ 33 ಬದಲು 40. ಸ್ವಲ್ಪ ವಾಲಿದೆ ಅಷ್ಟೇ. ಇದನ್ನ ಇಟ್ಕೊಂಡು ಏಪ್ರಿಲ್ 9ಕ್ಕೆ ಮಗಳ ಬರ್ತ್‌ಡೇ ಪಾರ್ಕಲ್ಲಿ ಮಾಡೋದಾ ಅಂತ ನಿರ್ಧಾರ ಮಾಡೋಕಾಗಲ್ಲ, ಆದ್ರೆ ಒಂದು ಕೌಂಟಿಯವರು ಈ ವರ್ಷ ಬೆಂಕಿ ಟ್ರಕ್ಕು ಫೆಬ್ರವರಿಗೇ ರೆಡಿ ಮಾಡ್ಕೊಳ್ಳೋದಾ ಅಂತ ನಿರ್ಧಾರ ಮಾಡಬಹುದು.

ಐಡಹೋದ ಬೋಯ್ಸಿಯಲ್ಲಿ ನ್ಯಾಷನಲ್ ಇಂಟರ್‌ಏಜೆನ್ಸಿ ಫೈರ್ ಸೆಂಟರ್ ಇದೆ, ಅವರು ಪ್ರತಿ ತಿಂಗಳ ಒಂದನೇ ತಾರೀಕಿನ ಹೊತ್ತಿಗೆ ಮುಂದಿನ ನಾಲ್ಕು ತಿಂಗಳ ಬೆಂಕಿ ಮುನ್ನೋಟ ಕೊಡ್ತಾರೆ. ಮ್ಯಾಪಲ್ಲಿ ಕೆಂಪು ಇದ್ರೆ ಆ ತಿಂಗಳಿಗೆ ಮಾಮೂಲಿಗಿಂತ ಜಾಸ್ತಿ ದೊಡ್ಡ ಬೆಂಕಿ ಸಾಧ್ಯತೆ. ಬಣ್ಣ ಇಲ್ಲದಿದ್ರೆ ಮಾಮೂಲಿ. ಇಲ್ಲಿ ನನ್ನ ವಿನಂತಿ ಏನಂದ್ರೆ ಪ್ಲೇನ್ಸ್‌ಗೆ ಮಾರ್ಚ್‌ನಲ್ಲಿ ಮಾಮೂಲಿ ಅಂದ್ರೇನೇ ಬೆಂಕಿ ಕಾಲ. ಬಿಳಿ ಮ್ಯಾಪ್ ನೋಡಿ ಆರಾಮಾಗಿ ಕೂರ್ಬೇಡಿ. ಮ್ಯಾಪ್ ಜೊತೆ ಬರೋ ಬರಹ ಓದಿ, ಹುಲ್ಲಿನ ಲೋಡ್ ಎಷ್ಟಿದೆ, ಗ್ರೀನ್‌ಅಪ್, ಅಂದ್ರೆ ಹುಲ್ಲು ಮತ್ತೆ ಹಸಿರಾಗೋದು, ಯಾವಾಗ ಆಗಬಹುದು ಅಂತ ಅಲ್ಲಿ ಬರೆದಿರ್ತಾರೆ. ನನ್ನ ಪ್ರಕಾರ ಮ್ಯಾಪ್‌ಗಿಂತ ಆ ನಾಲ್ಕು ಸಾಲಿಗೆ ಬೆಲೆ ಜಾಸ್ತಿ. ನೆಬ್ರಾಸ್ಕಾದಿಂದ ಪ್ರತಿ ಗುರುವಾರ ಬರೋ ಡ್ರಾಟ್ ಮಾನಿಟರ್ ಬರ ಎಲ್ಲಿದೆ ಅನ್ನೋದಕ್ಕೆ ಒಳ್ಳೇದು, ಬೆಂಕಿಗೆ ಅದೊಂದನ್ನೇ ನಂಬಬಾರದು, ಕಾರಣ ಆಗಲೇ ಹೇಳಿದೆ.

ನಿಜವಾಗಿ ಜೀವ ಉಳಿಸೋದು ಹತ್ತಿರದ ಮುನ್ಸೂಚನೆ. ಒಕ್ಲಹೋಮಾದ ನಾರ್ಮನ್‌ನಲ್ಲಿರೋ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್, ಟಾರ್ನೇಡೋ ಮ್ಯಾಪ್ ಬಿಡೋರು ಅವರೇ, ಬೆಂಕಿ ಹವಾಮಾನದ ಮ್ಯಾಪೂ ದಿನಾ ಬಿಡ್ತಾರೆ, ಎಂಟು ದಿನ ಮುಂದಿನವರೆಗೆ. ಎಲಿವೇಟೆಡ್, ಕ್ರಿಟಿಕಲ್, ಎಕ್ಸ್‌ಟ್ರೀಮ್ಲಿ ಕ್ರಿಟಿಕಲ್ ಅಂತ ಮೂರು ಹಂತ. ಮೂರನೇದು ಅಪರೂಪಕ್ಕೆ ಬರುತ್ತೆ, ನಿಮ್ಮ ಕೌಂಟಿ ಮೇಲೆ ಬಂದ್ರೆ ಆವತ್ತಿನ ಪ್ಲ್ಯಾನ್ ಬದಲಾಯಿಸಿ ಅಂತ ನೇರವಾಗಿ ಹೇಳ್ತೀನಿ. ಜೊತೆಗೆ ನಿಮ್ಮ ಸ್ಥಳೀಯ ವೆದರ್ ಸರ್ವಿಸ್ ಆಫೀಸು ಮೊದಲು ಫೈರ್ ವೆದರ್ ವಾಚ್, ಆಮೇಲೆ ರೆಡ್ ಫ್ಲ್ಯಾಗ್ ವಾರ್ನಿಂಗ್ ಕೊಡುತ್ತೆ. ಕೊಲರಾಡೋ ಪ್ಲೇನ್ಸ್‌ನಲ್ಲಿ ತೇವಾಂಶ 15 ಪರ್ಸೆಂಟ್ ಒಳಗೆ, ಗಾಳಿಯ ಹೊಡೆತ 25 ಮೈಲಿ ಮೇಲೆ, ಮೂರು ಗಂಟೆ ಹೊತ್ತು, ಹುಲ್ಲು ಒಣಗಿರಬೇಕು, ಇದು ಸುಮಾರಾಗಿ ಅದರ ಅಳತೆ. ಈ ಮುನ್ಸೂಚನೆಗಳು ತುಂಬಾ ಚೆನ್ನಾಗಿವೆ ಈಗ. ಈ ದೊಡ್ಡ ಬೆಂಕಿ ದಿನಗಳ ಹಿಂದಿರೋ ವಾತಾವರಣದ ವಿನ್ಯಾಸ ಒಂದೇ ಥರ ಇರುತ್ತೆ ಅಂತ ಅಮರಿಲೋ ಲಬಕ್ ಕಡೆಯ ಹವಾಮಾನ ತಜ್ಞರು ಹಳೇ ಬೆಂಕಿಗಳನ್ನ ಕೂಡಿಸಿ ನೋಡಿ ಕಂಡುಕೊಂಡಿದ್ದಾರೆ, ಹಾಗಾಗಿ ಮೂರು ನಾಲ್ಕು ದಿನ ಮುಂಚೆಯೇ ವಾಸನೆ ಸಿಗುತ್ತೆ. 2025ರ ಮಾರ್ಚ್ 14ರ ಬಗ್ಗೆ ದಿನಗಳ ಮುಂಚೆಯೇ ಹೇಳಿದ್ರು. ಆದ್ರೂ ಜನ ಸತ್ತರು, ಮನೆ ಹೋದ್ವು. ಮುನ್ಸೂಚನೆ ಇದ್ದೂ ಕೇಳೋ ಕಿವಿ ಇರಲಿಲ್ಲ ಅಂತ ನಾನು ಹೇಳಲ್ಲ, 80 ಮೈಲಿ ಗಾಳಿಗೆ ಫೈರ್ ಎಂಜಿನ್ ಏನು ಮಾಡುತ್ತೆ ಹೇಳಿ, ವಿಮಾನ ಹಾರಲ್ಲ. ಅಂಥ ದಿನ ಆರಿಸೋದು ಇರಲ್ಲ, ದಾರಿ ಬಿಡೋದು ಮಾತ್ರ ಇರುತ್ತೆ. ಇಲ್ಲಿನ ಹಳ್ಳಿ ಕಡೆ ಬೆಂಕಿಗೆ ಹೋಗೋರಲ್ಲಿ ಬಹುತೇಕ ಸಂಬಳ ಇಲ್ಲದ ವಾಲಂಟಿಯರ್‌ಗಳು, ಬೆಳಿಗ್ಗೆ ದನಕ್ಕೆ ಮೇವು ಹಾಕಿ, ಮಧ್ಯಾಹ್ನ ಪಿಕಪ್ ಹಿಂದೆ ನೀರಿನ ಟ್ಯಾಂಕ್ ಕಟ್ಕೊಂಡು ಹೊರಡೋರು. ಅವರ ಬಗ್ಗೆ ನನಗಿರೋ ಗೌರವ ಮಾತಲ್ಲಿ ಹೇಳೋಕೆ ಬರಲ್ಲ.

ಹಾಗಾದ್ರೆ ಮುಂಚೆ ಏನು ಮಾಡಬಹುದು? ಕನ್ಸಾಸ್‌ನ ಫ್ಲಿಂಟ್ ಹಿಲ್ಸ್‌ಗೆ ಹೋಗಿ ನೋಡಿ, ಏಪ್ರಿಲ್‌ನಲ್ಲಿ ರೈತರೇ ಹುಲ್ಲಿಗೆ ಬೆಂಕಿ ಇಡ್ತಾರೆ, ಒಂದೊಂದು ವರ್ಷ 20 ಲಕ್ಷ ಎಕರೆ ಮೇಲೆ. ಗಾಳಿ ಹಿತವಾಗಿರೋ, ತೇವ ಇರೋ ದಿನ ನೋಡಿ, ಅಂಚಿಗೆ ಬೆಂಕಿ ರೇಖೆ ಮಾಡಿ, ಅಕ್ಕಪಕ್ಕದವರಿಗೆ ಹೇಳಿ. ಓವರ್‌ಲ್ಯಾಂಡ್ ಪಾರ್ಕ್ ಕಡೆ ಇರೋ ನಮ್ಮವರು ಏಪ್ರಿಲ್‌ನಲ್ಲಿ ಹೊಗೆ ವಾಸನೆ ಅಂತ ಬೇಜಾರು ಮಾಡ್ಕೋತಾರೆ, ಅಸ್ತಮಾ ಇರೋರಿಗೆ ಕಷ್ಟ ನಿಜ, ಆ ದಿನ ಕಿಟಕಿ ಹಾಕ್ಕೊಳ್ಳಿ, ಆದ್ರೆ ಆ ಹೊಗೆ ಬಂದ ಕಡೆ ಹಳೇ ಹುಲ್ಲು ಪೇರಿಸಿಕೊಳ್ಳಲ್ಲ, ಈಸ್ಟರ್ನ್ ರೆಡ್‌ಸೀಡರ್ ಮರ ನುಗ್ಗಲ್ಲ. ಬೆಂಕಿ ನಿಲ್ಲಿಸಿದ ಕಡೆ ಆ ಮರ ನುಗ್ಗಿ ಹುಲ್ಲುಗಾವಲನ್ನೇ ನುಂಗಿದೆ, ಎಣ್ಣೆ ತುಂಬಿರೋ ಮರ ಅದು, ಹೊತ್ಕೊಂಡ್ರೆ ಕಿಡಿ ಎಷ್ಟೋ ದೂರ ಹಾರುತ್ತೆ. ಬಿಳಿಯರು ಬರೋಕೆ ಮುಂಚೆ ಓಸೇಜ್, ಕಾ ಅನ್ನೋ ಮೂಲನಿವಾಸಿ ಜನ ಇದೇ ಹುಲ್ಲನ್ನ ಸುಡ್ತಿದ್ರು.

ಇದನ್ನ ಓದಿದಾಗೆಲ್ಲ ನನಗೆ ಬಿಳಿಗಿರಿರಂಗನ ಬೆಟ್ಟ ನೆನಪಾಗುತ್ತೆ. ಸೋಲಿಗರು ಬೇಸಿಗೆ ಬಲಿಯೋಕೆ ಮುಂಚೆ ತರಗು ಬೆಂಕಿ ಇಡ್ತಿದ್ರು, ನೆಲದ ತರಗೆಲೆ ಮಾತ್ರ ಸುಟ್ಟು ಹೋಗೋ ಮೆತ್ತನೆ ಬೆಂಕಿ. 1974ರಲ್ಲಿ ಅಭಯಾರಣ್ಯ ಆದ್ಮೇಲೆ ಅದಕ್ಕೆ ತಡೆ ಬಿತ್ತು, ಲಂಟಾನ ತುಂಬ್ತು, ಬೆಂಕಿ ನಿಂತಿದ್ದಕ್ಕೇ ಲಂಟಾನ ಬಂದಿದ್ದು ಅಂತ ಸೋಲಿಗರು ಹೇಳ್ತಾರೆ, ಸಂಶೋಧಕರೂ ಅದನ್ನ ದಾಖಲು ಮಾಡಿದ್ದಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದಾಗ ನಾವೆಲ್ಲ ಇಲ್ಲಿಂದ ವಿಡಿಯೋ ನೋಡಿ ಸಂಕಟಪಟ್ಟಿದ್ದು. ಎರಡೂ ಕಡೆ ನೆಲ ಬೇರೆ ಗಿಡ ಬೇರೆ, ಒಂದರ ಪರಿಹಾರ ಇನ್ನೊಂದಕ್ಕೆ ಹಾಗೇ ಅಂಟಿಸೋಕಾಗಲ್ಲ. ಆದ್ರೆ ಸಣ್ಣ ಬೆಂಕಿ ಇಡೋಕೆ ಗೊತ್ತಿದ್ದವರನ್ನ ದೂರ ಇಟ್ಟ ಮೇಲೆ ದೊಡ್ಡ ಬೆಂಕಿಗೆ ಬೇಕಾದ್ದೆಲ್ಲ ಸೇರ್ಕೊಳ್ತು ಅನ್ನೋದು ಎರಡೂ ಕಡೆ ಕಾಣುತ್ತೆ ಅಂತ ನನ್ನ ನಂಬಿಕೆ.

ನಮ್ಮ ಮನೆಗಳ ವಿಷಯ. ನಾವ್ಯಾರೂ ರ‍್ಯಾಂಚ್ ಇಟ್ಕೊಂಡಿಲ್ಲ, ಸಬ್‌ಡಿವಿಷನ್‌ನಲ್ಲಿರೋರು, ನಮಗೇನು ಅಂತ ಅನ್ನಿಸಬಹುದು. 2021ರ ಡಿಸೆಂಬರ್ 30, ಮಾರ್ಷಲ್ ಬೆಂಕಿ, ಇಲ್ಲೇ ಡೆನ್ವರ್ ಹತ್ರದ ಲೂಯಿವಿಲ್, ಸುಪೀರಿಯರ್ ಊರುಗಳು. ತಿಂಗಳು ಸ್ಪ್ರಿಂಗ್ ಅಲ್ಲ, ಆದ್ರೆ ಪಾಠ ಅದೇ. ಆ ವರ್ಷದ ಸ್ಪ್ರಿಂಗ್‌ನಲ್ಲಿ ಮಳೆ ಚೆನ್ನಾಗಾಗಿ ಹುಲ್ಲು ಬೆಳೀತು, ಜುಲೈಯಿಂದ ಆಚೆ ಒಣಗ್ತು, ಡೆನ್ವರ್‌ನಲ್ಲಿ ಆ ಸೀಸನ್ನಿನ ಮೊದಲ ಅಳೆಯೋ ಅಷ್ಟು ಹಿಮ ಬಿದ್ದಿದ್ದೇ ಡಿಸೆಂಬರ್ 10ಕ್ಕೆ, ಅಷ್ಟು ತಡವಾಗಿ ಯಾವತ್ತೂ ಬಿದ್ದಿರಲಿಲ್ಲ. ಬೆಟ್ಟದಿಂದ ಇಳಿದ ಗಾಳಿ ಗಂಟೆಗೆ 100 ಮೈಲಿ. ಸುಟ್ಟ ಜಾಗ ಬರೀ ಆರು ಸಾವಿರ ಎಕರೆ ಚಿಲ್ಲರೆ, ಆದ್ರೆ 1,084 ಮನೆ. ಕೊಲರಾಡೋದಲ್ಲಿ ಅಷ್ಟು ಮನೆ ಸುಟ್ಟ ಬೆಂಕಿ ಬೇರೆ ಇಲ್ಲ. ಹುಲ್ಲಿನ ಬೆಂಕಿ ಮರದ ಬೇಲಿಗೆ ಹತ್ತಿ, ಬೇಲಿ ಅದನ್ನ ಮನೆ ಗೋಡೆಗೆ ತಂದು ಮುಟ್ಟಿಸಿ, ಆಮೇಲೆ ಒಂದು ಮನೆಯಿಂದ ಇನ್ನೊಂದು ಮನೆಗೆ. ಹಾಗಾಗಿ ಗೋಡೆಯಿಂದ 5 ಅಡಿ ಒಳಗೆ ಉರಿಯೋ ಯಾವುದೂ ಬೇಡ, ಮರದ ಚಕ್ಕೆ ಹಾಸಿದ್ರೆ ತೆಗೆದು ಜಲ್ಲಿ ಹಾಕಿ, ಗೋಡೆಗೆ ಒರಗಿಸಿ ನೆಟ್ಟ ಜೂನಿಪರ್ ಪೊದೆ ಕಿತ್ತು ಹಾಕಿ, ಬೇಲಿ ಗೋಡೆಗೆ ಸೇರೋ ಕೊನೆ ಕೆಲವು ಅಡಿ ಲೋಹದ್ದು ಮಾಡಿಸಿ, ಸೂರಿನ ಗಟರ್‌ನಲ್ಲಿರೋ ಒಣ ಎಲೆ ತೆಗೀರಿ. ಒಂದು ವೀಕೆಂಡ್ ಕೆಲಸ, ಬೇಲಿ ಒಂದು ಬಿಟ್ಟು.

ಪ್ರಶ್ನೆಗಳು ತುಂಬಾ ಬಂದ್ವು. ಟೆಕ್ಸಸ್‌ನಿಂದ ಕೇಳ್ತಿದ್ದ ಒಬ್ಬರು, ಸರ್, ಅಮರಿಲೋಗೆ ಹೋಗುವಾಗ ಹೈವೇ ಮೇಲೆ ಹೊಗೆ ಅಡ್ಡ ಬಂದ್ರೆ ಏನು ಮಾಡ್ಬೇಕು ಅಂದ್ರು. ಹೊಗೆಯೊಳಗೆ ನುಗ್ಗಬೇಡಿ. ಹಿಂದಕ್ಕೆ ತಿರುಗಿಸೋಕೆ ಆದ್ರೆ ತಿರುಗಿಸಿ. ಆಗದೇ ಸಿಕ್ಕಿಕೊಂಡ್ರೆ ಆಗಲೇ ಸುಟ್ಟು ಕಪ್ಪಾದ ನೆಲ, ಇಲ್ಲವೇ ಉತ್ತ ಹೊಲ, ಇಲ್ಲವೇ ಹಸಿರು ಗೋಧಿ ಹೊಲ ಹುಡುಕಿ. ಮಾರ್ಚ್‌ನಲ್ಲಿ ಅಲ್ಲಿ ಚಳಿಗಾಲದ ಗೋಧಿ ಹಸಿರಾಗಿರುತ್ತೆ, ರೈತರು ದನ ಹೊಡ್ಕೊಂಡು ಹೋಗಿ ನಿಲ್ಲಿಸೋದೂ ಅಲ್ಲೇ. ಒಣ ಹುಲ್ಲಿನ ಮೇಲೆ ಮಾತ್ರ ಕಾರ್ ನಿಲ್ಲಿಸ್ಬೇಡಿ, ಸೈಲೆನ್ಸರ್ ಬಿಸಿಗೇ ಹೊತ್ತುತ್ತೆ.

ಮಳೆ ಎಷ್ಟಾಯ್ತು ಅಂತ ನಮ್ಮ ಏರಿಯಾದ್ದೇ ಹೇಗೆ ತಿಳ್ಕೊಳ್ಳೋದು ಅಂತ ಹೈಸ್ಕೂಲ್ ಓದೋ ಹುಡುಗಿ ಒಬ್ಬಳು ಕೇಳಿದಳು, ನನಗೆ ತುಂಬಾ ಖುಷಿಯಾದ ಪ್ರಶ್ನೆ. 1997ರ ಪ್ರವಾಹ ಆದ್ಮೇಲೆ ಫೋರ್ಟ್ ಕಾಲಿನ್ಸ್‌ನ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೊಕೊರಾಸ್ ಅಂತ ಶುರು ಮಾಡಿದ್ರು, ಮನೆ ಹಿತ್ತಲಲ್ಲಿ 4 ಇಂಚಿನ ಮಳೆ ಮಾಪಕ ನಿಲ್ಲಿಸಿ ದಿನಾ ಬೆಳಿಗ್ಗೆ ಅಳೆದು ಕಳಿಸೋದು. ಯಾರು ಬೇಕಾದ್ರೂ ಸೇರಬಹುದು. ಸೊನ್ನೆ ಬಂದ್ರೂ ಸೊನ್ನೆ ಅಂತ ಕಳಿಸ್ಬೇಕು, ಬರದ ಮ್ಯಾಪ್ ಮಾಡೋರಿಗೆ ಆ ಸೊನ್ನೆ ಬಹಳ ಮುಖ್ಯ. ಪ್ಲೇನ್ಸ್‌ನಲ್ಲಿ ಮಾಪಕಗಳು ದೂರ ದೂರ ಇವೆ, ಒಂದೊಂದು ಮನೆಯೂ ಲೆಕ್ಕಕ್ಕೆ ಬರುತ್ತೆ.

ಕೊನೆಗೆ ಒಬ್ಬ ಅಮ್ಮ ಕೇಳಿದ್ದು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗ್ತಾರೆ, ಮೊಮ್ಮಗು ಜೊತೆ ನಾವಿಬ್ಬರೇ ಮನೇಲಿ, ಕಾರ್ ಓಡಿಸೋಕೆ ಬರಲ್ಲ, ಫೋನಿಗೆ ಇಂಗ್ಲಿಷಲ್ಲಿ ಏನೇನೋ ಬರುತ್ತೆ, ನಾವೇನಪ್ಪಾ ಮಾಡೋದು ಅಂತ. ಇದು ಇಡೀ ಮಧ್ಯಾಹ್ನದ ಅತಿ ಮುಖ್ಯ ಪ್ರಶ್ನೆ. ಈ ಬೆಂಕಿಗಳು ಬಹುಪಾಲು ಬರೋದು ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರೊಳಗೆ, ಅಪ್ಪ ಅಮ್ಮ ಮಾತ್ರ ಮನೇಲಿರೋ ಹೊತ್ತು. ಮಾರ್ಷಲ್ ಬೆಂಕಿ ದಿನ ಎಚ್ಚರಿಕೆ ಮೆಸೇಜು ಎಲ್ರಿಗೂ ತಲುಪಲಿಲ್ಲ. ಅಮ್ಮನಿಗೆ ಹೇಳಿದ್ದು ಇಷ್ಟು, ಉಳಿದದ್ದು ಮಕ್ಕಳಿಗೆ: ನಿಮ್ಮ ಕೌಂಟಿಯ ಅಲರ್ಟ್‌ಗೆ ಸೈನ್ ಅಪ್ ಮಾಡಿ, ಅಪ್ಪ ಅಮ್ಮನ ಫೋನ್ ನಂಬರನ್ನೂ ಅದಕ್ಕೆ ಸೇರಿಸಿ. ಕೌಂಟಿ ಹೆಸರು ಅವರಿಗೆ ಬಾಯಿಪಾಠ ಇರಲಿ, ವಾರ್ನಿಂಗ್ ಬರೋದು ಆ ಹೆಸರಲ್ಲೇ, ಊರಿನ ಹೆಸರಲ್ಲಲ್ಲ. ಹಗಲು ಮನೇಲಿರೋ, ಕಾರ್ ಇರೋ ಪಕ್ಕದ ಮನೆಯವರ ಹತ್ರ ಅವರನ್ನ ಕರ್ಕೊಂಡು ಹೋಗಿ ಪರಿಚಯ ಮಾಡಿಸಿ, ಏನಾದ್ರೂ ಆದ್ರೆ ಇವರನ್ನೂ ಕರ್ಕೊಂಡು ಹೋಗಿ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಪಾಸ್‌ಪೋರ್ಟು, ಬಿಪಿ ಶುಗರ್ ಮಾತ್ರೆ, ಕನ್ನಡಕ, ಫೋನ್ ಚಾರ್ಜರ್ ಒಂದು ಚೀಲದಲ್ಲಿ ಬಾಗಿಲ ಹತ್ರ ಇರಲಿ, ಮಾರ್ಚ್ ಏಪ್ರಿಲ್ ಮುಗಿಯೋವರೆಗೂ. ರೆಡ್ ಫ್ಲ್ಯಾಗ್ ದಿನ ಬೆಳಿಗ್ಗೆ ಆಫೀಸಿಗೆ ಹೊರಡೋಕೆ ಮುಂಚೆ ಇವತ್ತು ಗಾಳಿ ದಿನ ಅಂತ ಅವರಿಗೆ ಒಂದು ಮಾತು ಹೇಳಿ, ಮಧ್ಯಾಹ್ನ ಒಂದು ಸಲ ಫೋನ್ ಮಾಡಿ. ಹೊಗೆ ಕಂಡ್ರೆ ಮಗನಿಗೆ ಕಾಯದೆ, ಯಾರಾದ್ರೂ ಬಂದು ಹೇಳೋವರೆಗೂ ಕಾಯದೆ, ಮಗು ಎತ್ತಿಕೊಂಡು ಚೀಲ ತಗೊಂಡು ಆ ಪಕ್ಕದ ಮನೆಗೆ ಹೊರಡಿ ಅಮ್ಮಾ, ಅಡುಗೆ ಮನೆ ಒಲೆ ಆರಿಸಿದ್ರೆ ಸಾಕು, ಬೀಗ ಹಾಕೋಕೂ ನಿಲ್ಲಬೇಡಿ.